ಬೇಸಿಗೆಗೆ ಮುಂಚೆ ನಿಮ್ಮ ಹಳೆ ರೇಸಿಂಗ್ ಆಟಗಳನ್ನು ಉಳಿಸಿಕೊಳ್ಳಿ

ಈ ಕೆಲಸವನ್ನು ಯುಗಾದಿಗೆ ಮುಂಚೆಯೇ ಮುಗಿಸಿಬಿಡಿ. ಹಬ್ಬ ಕಳೆಯಿತು ಅಂದರೆ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ತಗಡಿನ ಶೀಟ್ ಕೆಳಗಿನ ಅಟ್ಟದಲ್ಲಿ, ಕಬ್ಬಿಣದ ಟ್ರಂಕಿನೊಳಗೆ ಇನ್ನೂ ಜಾಸ್ತಿ. ಹಳೆ ಆಟಗಳ ಸಿಡಿ ಪೌಚ್ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ನನ್ನದೂ ಅಲ್ಲೇ ಇತ್ತು. ಬಳ್ಳಾರಿಯ ಕೌಲ್ ಬಜಾರಿನ ಮನೆಯ ಅಟ್ಟದಿಂದ ಹದಿನೈದು ವರ್ಷ ಆದ ಮೇಲೆ ಕೆಳಗಿಳಿಸಿದೆ. 31 ಸಿಡಿ ಇದ್ದವು. ಡಬ್ಬಿ ಸಮೇತ ಕೊಂಡಿದ್ದ ಕಂಪನಿ ಸಿಡಿಗಳು ಎಲ್ಲವೂ ಓದಿದವು. ಮನೆಯಲ್ಲಿ ರೈಟ್ ಮಾಡಿದ್ದ ಸಿಡಿಗಳಲ್ಲಿ ಒಂಬತ್ತು ಓದಲೇ ಇಲ್ಲ. ಅದರಲ್ಲಿ ಒಂದರ ಮೇಲೆ ಮಾರ್ಕರ್ ಪೆನ್ನಿನಲ್ಲಿ ‘ಜಿಪಿಎಲ್ ಸೆಟಪ್’ ಅಂತ ಬರೆದಿತ್ತು. ಗ್ರಾಂ ಪ್ರಿ ಲೆಜೆಂಡ್ಸ್ ಆಟಕ್ಕಾಗಿ ನಾನು ಎರಡು ವರ್ಷ ಕೂತು ಹೊಂದಿಸಿದ ಕಾರಿನ ಸೆಟಪ್‌ಗಳು. ಯಾವ ಟ್ರ್ಯಾಕಿಗೆ ಯಾವ ಗೇರ್ ಅನುಪಾತ, ಸ್ಪ್ರಿಂಗ್ ಎಷ್ಟು ಬಿಗಿ, ಟೈರಿಗೆ ಎಷ್ಟು ಗಾಳಿ, ಎಲ್ಲ ಅದರಲ್ಲಿತ್ತು. ಆ ಆಟವನ್ನು ಇವತ್ತೂ ಯಾರ ಹತ್ತಿರವಾದರೂ ಹುಡುಕಿಕೊಳ್ಳಬಹುದು. ಆ ಫೈಲ್‌ಗಳು ಮಾತ್ರ ಬೇರೆ ಎಲ್ಲೂ ಸಿಗಲ್ಲ.

ಅದಕ್ಕೇ ಹೇಳುತ್ತೇನೆ, ಮೊದಲು ಕಾಪಿ ಮಾಡಿ, ಆಡುವುದು ಆಮೇಲೆ. ಕಾಪಿ ಮಾಡುವಾಗಲೂ ಬೇರೆಲ್ಲೂ ಸಿಗದಿರುವುದಕ್ಕೆ ಮೊದಲು ಕೈ ಹಾಕಿ.

ರೇಸಿಂಗ್ ಆಟಗಳು ಯಾಕೆ ಬೇಗ ಕಾಣೆಯಾಗುತ್ತವೆ

ಎಲ್ಲ ಹಳೆ ಆಟಗಳಿಗೂ ಕಷ್ಟ ಇದ್ದೇ ಇದೆ. 2023ರಲ್ಲಿ ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ಒಂದು ಅಧ್ಯಯನ ಪ್ರಕಟಿಸಿತು. ಅಲ್ಲಿ 2010ಕ್ಕಿಂತ ಮುಂಚೆ ಬಂದ ಆಟಗಳಲ್ಲಿ 87 ಶೇಕಡಾ ಇವತ್ತು ಅಂಗಡಿಯಲ್ಲೂ ಇಲ್ಲ, ಆನ್‌ಲೈನಿನಲ್ಲೂ ಮಾರಾಟಕ್ಕಿಲ್ಲ.

ರೇಸಿಂಗ್ ಆಟಗಳಿಗೆ ಇನ್ನೊಂದು ಕಷ್ಟ ಸೇರಿಕೊಳ್ಳುತ್ತದೆ. ಕಾರಿನ ಹೆಸರು ಒಂದು ಕಂಪನಿಯದು, ಟ್ರ್ಯಾಕ್ ಇನ್ನೊಬ್ಬರದು, ರೇಸಿನ ಹೆಸರು ಮತ್ತೊಬ್ಬರದು. ಇವೆಲ್ಲಕ್ಕೂ ಲೈಸೆನ್ಸ್ ಬೇಕು, ಆ ಲೈಸೆನ್ಸಿಗೆ ಅವಧಿ ಇರುತ್ತದೆ. ಅವಧಿ ಮುಗಿದರೆ ಆಟವನ್ನು ಮಾರುವ ಹಾಗಿಲ್ಲ. ಪ್ರಾಜೆಕ್ಟ್ ಕಾರ್ಸ್ ಮೊದಲ ಎರಡು ಆಟಗಳು 2022ರಲ್ಲಿ ಹೀಗೇ ಮಾರಾಟದಿಂದ ಹೋದವು. ಫೋರ್ಜಾ ಹೊರೈಜನ್ 3 ಅದಕ್ಕೂ ಎರಡು ವರ್ಷ ಮುಂಚೆ ಹೋಗಿತ್ತು. ದಿ ಕ್ರೂ ಆಟದ ಕಥೆ ಇನ್ನೂ ಬೇಸರದ್ದು. ಅದನ್ನು ಆಡಲು ಇಂಟರ್‌ನೆಟ್ಟಿನಲ್ಲಿ ಕಂಪನಿಯ ಸರ್ವರ್ ಬೇಕೇ ಬೇಕಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದರು. ದುಡ್ಡು ಕೊಟ್ಟು ಕೊಂಡವರ ಕೈಯಲ್ಲೂ ಅದು ಆಗ ಓಡದಾಯಿತು.

ನಮ್ಮ ಸಿಡಿಗಳಿಗೆ ಆ ಗತಿ ಇಲ್ಲ. ಆಟ ಪೂರ್ತಿ ಅದರಲ್ಲೇ ಇದೆ. ಓದುವಷ್ಟು ದಿನ ನಮ್ಮದೇ.

ಯಾವುದನ್ನು ಉಳಿಸಬೇಕು ಅಂತ ಗುರುತಿಸಲು ಸ್ವಲ್ಪ ಇತಿಹಾಸ

1982ರಲ್ಲಿ ನಾಮ್ಕೋ ಕಂಪನಿಯ ಪೋಲ್ ಪೊಸಿಷನ್ ಬಂತು. ಅದು ನಾಣ್ಯ ಹಾಕಿ ಆಡುವ ಆಟ, ಮಜಾ ಇತ್ತು, ಆದರೆ ಕಾರು ನಿಜವಾದ ಕಾರಿನ ಹಾಗೆ ನಡೆದುಕೊಳ್ಳುತ್ತಿರಲಿಲ್ಲ. ಎರಡೇ ವರ್ಷಕ್ಕೆ, 1984ರಲ್ಲಿ, ಜೆಫ್ ಕ್ರಾಮಂಡ್ ಎಂಬ ಇಂಗ್ಲೆಂಡಿನವರು ಬಿಬಿಸಿ ಮೈಕ್ರೋ ಕಂಪ್ಯೂಟರಿಗೆ ರೆವ್ಸ್ ಎಂಬ ಆಟ ಬರೆದರು. ಬರೀ 32 ಕೆಬಿ ಮೆಮೊರಿಯಲ್ಲಿ ಫಾರ್ಮುಲಾ ತ್ರೀ ಕಾರು, ಸಿಲ್ವರ್‌ಸ್ಟೋನ್ ಟ್ರ್ಯಾಕ್, ಟೈರಿನ ಹಿಡಿತ. ಇವತ್ತು ವಾಟ್ಸಾಪಿನಲ್ಲಿ ಬರುವ ಒಂದು ಫೋಟೋ ಕೂಡ ಅದಕ್ಕಿಂತ ದೊಡ್ಡದು.

ಅದೇ ಕ್ರಾಮಂಡ್ 1991ರಲ್ಲಿ ಫಾರ್ಮುಲಾ ಒನ್ ಗ್ರಾಂ ಪ್ರಿ, 1996ರಲ್ಲಿ ಗ್ರಾಂ ಪ್ರಿ 2 ಮಾಡಿದರು. ಅಮೆರಿಕದಲ್ಲಿ ಡೇವಿಡ್ ಕೇಮರ್ ಮತ್ತು ಓಮರ್ ಖುದಾರಿ ಕಟ್ಟಿದ ಪಪೈರಸ್ 1989ರಲ್ಲಿ ಇಂಡಿಯಾನಾಪೊಲಿಸ್ 500 ಬಿಟ್ಟಿತು. 33 ಕಾರು, ಬೇಕಾದರೆ ಪೂರ್ತಿ 200 ಲ್ಯಾಪ್. ಆಮೇಲೆ ಇಂಡಿಕಾರ್ ರೇಸಿಂಗ್, ನಾಸ್ಕಾರ್ ರೇಸಿಂಗ್, 1998ರಲ್ಲಿ ಗ್ರಾಂ ಪ್ರಿ ಲೆಜೆಂಡ್ಸ್, 2003ರಲ್ಲಿ ನಾಸ್ಕಾರ್ ರೇಸಿಂಗ್ 2003 ಸೀಸನ್. ಅದೇ ಅವರ ಕೊನೆಯದು. ಕಂಪನಿ ಮುಚ್ಚಿದ ಮೇಲೆ ಕೇಮರ್ ಕಟ್ಟಿದ್ದೇ ಆನ್‌ಲೈನಿನಲ್ಲಿ ರೇಸ್ ಆಡುವ ಐರೇಸಿಂಗ್.

ಗ್ರಾಂ ಪ್ರಿ ಲೆಜೆಂಡ್ಸ್ ಬಗ್ಗೆ ಇನ್ನೆರಡು ಮಾತು ಹೇಳಲೇಬೇಕು. ಅದು 1967ರ ಫಾರ್ಮುಲಾ ಒನ್ ಸೀಸನ್. ಕಾರಿಗೆ ರೆಕ್ಕೆ ಇಲ್ಲ, ಟೈರು ಸಣ್ಣದು, ಎಂಜಿನ್ ಜೋರು. ಮೊದಲ ವಾರ ಯಾರೇ ಆಡಿದರೂ ಕಾರು ಬುಗುರಿ ಥರ ತಿರುಗುತ್ತದೆ. ಅದರಲ್ಲಿ ಫ್ರಾನ್ಸಿನ ರೂಆಂ ಟ್ರ್ಯಾಕ್ ಇದೆ. ಆ ಟ್ರ್ಯಾಕಿನಲ್ಲಿ ರೇಸ್ ನಿಂತು ಎಷ್ಟೋ ವರ್ಷ ಆಯಿತು, ಅಲ್ಲಿನ ಸ್ಟ್ಯಾಂಡುಗಳನ್ನೂ ಕೆಡವಿದ್ದಾರೆ. ಇವತ್ತು ಆ ಇಳಿಜಾರಿನಲ್ಲಿ ರೇಸ್ ಓಡಿಸಬೇಕು ಅಂದರೆ ಇಂಥ ಆಟದಲ್ಲೇ ಓಡಿಸಬೇಕು. ಲೈಸೆನ್ಸ್ ಸಿಗದ ಕಾರಿನ ಹೆಸರು ಬದಲಿಸಿದ ಗುರುತೂ ಅದೇ ಆಟದಲ್ಲಿದೆ. ಹೋಂಡಾ ಕಾರಿನ ಹೆಸರು ಅದರಲ್ಲಿ ಮುರಸಾಮಾ, ಕೂಪರ್ ಕಾರಿನ ಹೆಸರು ಕಾವೆಂಟ್ರಿ.

ನಮ್ಮೂರಿನ ಪೌಚುಗಳಲ್ಲಿ ಇವುಗಳಿಗಿಂತ ಜಾಸ್ತಿ ಸಿಗುವುದು ನೀಡ್ ಫಾರ್ ಸ್ಪೀಡ್, ಕಾಲಿನ್ ಮೆಕ್‌ರೇ ರ‍್ಯಾಲಿ, ಮಿಡ್‌ಟೌನ್ ಮ್ಯಾಡ್‌ನೆಸ್, ರೋಡ್ ರ‍್ಯಾಶ್. ಇವೆಲ್ಲ ಸಿಮ್ಯುಲೇಷನ್ ಅಲ್ಲ, ಅಂದರೆ ಕಾರು ನಿಜವಾದ ಕಾರಿನ ಹಾಗೆ ನಡೆದುಕೊಳ್ಳುವ ಆಟಗಳಲ್ಲ, ನಿಜ. ಆದರೂ ಬಿಸಾಡಬೇಡಿ. ಡಿಜಿಟ್, ಚಿಪ್ ಪತ್ರಿಕೆ ಜೊತೆ ಬರುತ್ತಿದ್ದ ಸಿಡಿಗಳನ್ನೂ ಬಿಸಾಡಬೇಡಿ. ಅವುಗಳಲ್ಲಿ ಡೆಮೊ ಆಟಗಳಿವೆ. ಡೆಮೊ ಎಂದರೆ ಎಲ್ಲರೂ ಅಳಿಸಿಬಿಡುವ ವಸ್ತು, ಹಾಗಾಗಿ ಅದೇ ಮೊದಲು ಇಲ್ಲವಾಗುವುದು.

ಹೆಜ್ಜೆ 1: ಹರಡಿ, ವಿಂಗಡಿಸಿ

ಚಾದರ ಹಾಸಿ ಎಲ್ಲವನ್ನೂ ಅದರ ಮೇಲೆ ಹರಡಿ. ಮೂರು ಗುಂಪು ಮಾಡಿ. ಫ್ಲಾಪಿಗಳು ಮತ್ತು ರೈಟ್ ಮಾಡಿದ ಸಿಡಿಗಳು ಒಂದು ಕಡೆ. ಕಂಪನಿ ಸಿಡಿಗಳು ಇನ್ನೊಂದು ಕಡೆ. ಹಳೆ ಕಂಪ್ಯೂಟರ್ ಅಥವಾ ಅದರ ಹಾರ್ಡ್ ಡಿಸ್ಕ್ ಉಳಿದಿದ್ದರೆ ಮತ್ತೊಂದು ಕಡೆ.

ಮೊದಲ ಗುಂಪಿಗೆ ಮೊದಲ ಸರದಿ. ಕಂಪನಿ ಸಿಡಿಯಲ್ಲಿ ಮಾಹಿತಿಯನ್ನು ಪ್ಲಾಸ್ಟಿಕ್ಕಿನಲ್ಲೇ ಗುಳಿಗಳಾಗಿ ಒತ್ತಿರುತ್ತಾರೆ. ರೈಟ್ ಮಾಡಿದ ಸಿಡಿಯಲ್ಲಿ ಅದು ಬಣ್ಣದ ಒಂದು ತೆಳು ಪದರದಲ್ಲಿ ಇರುತ್ತದೆ. ಆ ಬಣ್ಣಕ್ಕೆ ಬಿಸಿಲು, ಬಿಸಿ ಎರಡೂ ಆಗಲ್ಲ. ನನ್ನ ಒಂಬತ್ತು ಸಿಡಿ ಹೋದದ್ದು ಹೀಗೆ.

ಹಾರ್ಡ್ ಡಿಸ್ಕನ್ನು ಮರೆಯಬೇಡಿ. ಕಂಪ್ಯೂಟರನ್ನು ಗುಜರಿಗೆ ಹಾಕುವ ಮುಂಚೆ ಡಿಸ್ಕ್ ಬಿಚ್ಚಿಟ್ಟುಕೊಳ್ಳಿ. ಐಡಿಇ ಎಂಬ ಹಳೆ ಬಗೆಯ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಸಿಗುತ್ತದೆ. ಅದರಲ್ಲಿ ಆಟದ ಫೋಲ್ಡರ್ ಹುಡುಕಿ. ‘ಪ್ಲೇಯರ್ಸ್’, ‘ಸೇವ್’, ‘ರಿಪ್ಲೇ’ ಅಂತ ಹೆಸರಿರುವ ಫೋಲ್ಡರ್‌ಗಳೇ ನಿಮ್ಮ ಆಸ್ತಿ.

ಹೆಜ್ಜೆ 2: ಒರೆಸುವುದು

ಹತ್ತಿಯ ಮೆತ್ತನೆಯ ಬಟ್ಟೆ ತಗೊಳ್ಳಿ. ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ತಟ್ಟೆ ಒರೆಸಿದ ಹಾಗೆ ಸುತ್ತು ಹಾಕಬೇಡಿ. ಸಿಡಿಯಲ್ಲಿ ಮಾಹಿತಿ ಸುರುಳಿಯಾಗಿ ಸಾಗುತ್ತದೆ, ಸುತ್ತಾಗಿ ಬಿದ್ದ ಗೀರು ಒಂದೇ ಕಡೆಯ ಮಾಹಿತಿಯನ್ನು ಉದ್ದಕ್ಕೆ ತಿನ್ನುತ್ತದೆ. ಜಿಡ್ಡಿದ್ದರೆ ಒಂದು ಹನಿ ಪಾತ್ರೆ ಸೋಪು ಬೆರೆಸಿದ ನೀರು ಸಾಕು. ಮೇಲಿನ ಚೀಟಿ ಕೀಳಬೇಡಿ, ಆ ಕಡೆ ಬಾಲ್ ಪೆನ್ನಿನಲ್ಲಿ ಬರೆಯಬೇಡಿ. ಹೊಳೆಯುವ ಪದರ ಇರುವುದು ಚೀಟಿಯ ಕೆಳಗೇ. ತುಂಬಾ ಜನ ಕೆಳಮುಖವನ್ನು ಜೋಪಾನ ಮಾಡಿ ಮೇಲ್ಮುಖವನ್ನು ಹಾಳು ಮಾಡುತ್ತಾರೆ.

ಹೆಜ್ಜೆ 3: ಕಾಪಿ ತೆಗೆಯುವುದು

ಇದೇ ಮುಖ್ಯ ಕೆಲಸ, ನಿಧಾನಕ್ಕೆ ಮಾಡಿ. ಈಗಿನ ಲ್ಯಾಪ್‌ಟಾಪಿನಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ. ಯುಎಸ್‌ಬಿ ಡ್ರೈವ್ ಕೊಳ್ಳಬಹುದು. ಹಳೆ ಕಂಪ್ಯೂಟರಿನ ಡ್ರೈವ್ ಸಿಕ್ಕರೆ ಅದನ್ನೂ ಇಟ್ಟುಕೊಳ್ಳಿ. ಒಂದು ಡ್ರೈವ್ ಓದದ ಸಿಡಿಯನ್ನು ಇನ್ನೊಂದು ಓದುತ್ತದೆ. ರಿಪೇರಿ ಅಂಗಡಿಯಲ್ಲಿ ಕೇಳಿದಾಗ ನನಗೆ ಸಿಕ್ಕ ಉತ್ತರ: “ಇವನ್ನ ಈಗ ಯಾರೂ ಕೇಳಂಗಿಲ್ರಿ, ಮೂಲ್ಯಾಗ ಬಿದ್ದಾವು, ಬೇಕಾದ್ದು ಆರಿಸ್ಕೊಳ್ರಿ.” ಮೂರು ಡ್ರೈವ್ ತಂದೆ. ಮೂರನೆಯದು ಎರಡು ಸಿಡಿಗಳನ್ನು ಬದುಕಿಸಿತು.

ಸಿಡಿಯೊಳಗಿನ ಫೈಲ್‌ಗಳನ್ನು ಸುಮ್ನೆ ಎಳೆದು ಫೋಲ್ಡರಿಗೆ ಹಾಕಿದರೆ ಸಾಲದು. ಇಡೀ ಸಿಡಿಯ ಇಮೇಜ್, ಅಂದರೆ ಸಿಡಿಯ ತದ್ರೂಪು ನಕಲನ್ನು ಫೈಲಾಗಿ ತೆಗೆಯಬೇಕು. ಇಮ್ಜ್‌ಬರ್ನ್ ಎಂಬ ಉಚಿತ ಸಾಫ್ಟ್‌ವೇರ್ ಸಾಕು. ಇಲ್ಲಿ ಒಂದು ವಿಷಯ ಗಮನಿಸಿ. ಎಷ್ಟೋ ಹಳೆ ಆಟಗಳ ಸಿಡಿಯಲ್ಲಿ ಮೊದಲ ಟ್ರ್ಯಾಕ್ ಆಟ, ಉಳಿದ ಟ್ರ್ಯಾಕುಗಳು ಹಾಡಿನ ಸಿಡಿಯಲ್ಲಿ ಇರುವಂಥದ್ದೇ ಸಂಗೀತ. ಐಎಸ್‌ಒ ಎಂಬ ಬಗೆಯ ಇಮೇಜಿನಲ್ಲಿ ಆ ಸಂಗೀತ ಬರುವುದೇ ಇಲ್ಲ. ಬಿನ್ ಮತ್ತು ಕ್ಯೂ ಎಂಬ ಎರಡು ಫೈಲಿನ ಜೋಡಿಯಾಗಿ ತೆಗೆದರೆ ಎಲ್ಲವೂ ಬರುತ್ತದೆ. ನಾನು ಮೊದಲ ಐದು ಸಿಡಿಗಳನ್ನು ಐಎಸ್‌ಒ ಮಾಡಿಬಿಟ್ಟಿದ್ದೆ. ಆಮೇಲೆ ಆಟ ಹಾಕಿ ನೋಡಿದರೆ ಎಂಜಿನ್ ಸದ್ದು ಮಾತ್ರ ಇತ್ತು. ಐದನ್ನೂ ಮತ್ತೆ ತೆಗೆದೆ.

ಕೆಲವು ಕಂಪನಿ ಸಿಡಿಗಳಲ್ಲಿ ಶುರುವಿನಲ್ಲೇ ಸಾವಿರಾರು ಎರರ್ ಬರುತ್ತವೆ. ಗಾಬರಿ ಬೇಡ. ಕಾಪಿ ಮಾಡಬಾರದು ಅಂತ ಸೇಫ್‌ಡಿಸ್ಕ್ ಎಂಬ ರಕ್ಷಣೆ ಬೇಕಂತಲೇ ಹಾಕಿದ ಕೆಟ್ಟ ಸೆಕ್ಟರ್‌ಗಳು, ಅಂದರೆ ಓದಲಾಗದ ತುಣುಕುಗಳು ಅವು. ಅಂಥ ಸಿಡಿಗೆ ಗಂಟೆಗಟ್ಟಲೆ ಹಿಡಿಯಬಹುದು, ರಾತ್ರಿ ಹಚ್ಚಿ ಮಲಗಿ. ಕರೆಂಟ್ ಹೋಗುವ ಊರಿನಲ್ಲಿ ಯುಪಿಎಸ್ ಇಲ್ಲದೆ ಡೆಸ್ಕ್‌ಟಾಪಿನಲ್ಲಿ ಈ ಕೆಲಸಕ್ಕೆ ಕೂರಬೇಡಿ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿರಲಿ.

ಕಾನೂನಿನ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯ ಸೆಕ್ಷನ್ 52 ಪ್ರಕಾರ, ಸಾಫ್ಟ್‌ವೇರನ್ನು ಕಾನೂನುಬದ್ಧವಾಗಿ ಹೊಂದಿರುವವರು ಅದು ಹಾಳಾದರೆ ಇರಲಿ ಅಂತ ಬ್ಯಾಕಪ್ ಕಾಪಿಗಳನ್ನು ಇಟ್ಟುಕೊಳ್ಳಬಹುದು. ಹಂಚುವುದಕ್ಕೆ, ಮಾರುವುದಕ್ಕೆ ಆ ಅವಕಾಶ ಇಲ್ಲ. ಹಾಗಾಗಿ ಮೂಲ ಸಿಡಿ, ಡಬ್ಬಿ, ಬಿಲ್ ಇದ್ದರೆ ಬಿಲ್, ಎಲ್ಲವನ್ನೂ ಇಮೇಜ್ ತೆಗೆದ ಮೇಲೂ ಇಟ್ಟುಕೊಳ್ಳಿ.

ಹೆಜ್ಜೆ 4: ಕಾಪಿ ಸರಿ ಇದೆಯಾ ನೋಡುವುದು

ಇಮೇಜ್ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ. ಸೆವೆನ್-ಜಿಪ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಂಡಿದ್ದರೆ ಎಸ್‌ಎಚ್‌ಎ-256 ಲೆಕ್ಕ ಹಾಕುವ ಆಯ್ಕೆ ಅಲ್ಲೇ ಇರುತ್ತದೆ. ಒಂದು ಉದ್ದನೆಯ ಅಂಕಿ-ಅಕ್ಷರದ ಸಾಲು ಬರುತ್ತದೆ. ಅದು ಆ ಫೈಲಿನ ಹೆಬ್ಬೆಟ್ಟಿನ ಗುರುತು. ನೋಟ್‌ಪ್ಯಾಡಿನಲ್ಲಿ ಬರೆದಿಡಿ. ವರ್ಷಕ್ಕೊಮ್ಮೆ ಮತ್ತೆ ಲೆಕ್ಕ ಹಾಕಿ. ಒಂದಕ್ಷರ ಬದಲಾಗಿದ್ದರೂ ಫೈಲ್ ಕೆಟ್ಟಿದೆ ಅಂತ ಅರ್ಥ. ರೀಡಂಪ್ ಎಂಬ ಯೋಜನೆಯವರು ಸಾವಿರಾರು ಸಿಡಿಗಳ ಇಂಥ ಗುರುತುಗಳನ್ನು ಪಟ್ಟಿ ಮಾಡಿದ್ದಾರೆ. ಅವರು ಬೇರೆ ಬೇರೆ ಬಗೆಯ ಲೆಕ್ಕ ಕೊಡುತ್ತಾರೆ, ನಿಮ್ಮದರಲ್ಲೂ ಅದೇ ಬಗೆ ಆರಿಸಿ ಹೋಲಿಸಿ.

ಹೆಜ್ಜೆ 5: ಮೂರು ಕಡೆ ಇಡುವುದು

ಮೂರು ಕಾಪಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ. ನನ್ನದು ಒಂದು ಲ್ಯಾಪ್‌ಟಾಪಿನಲ್ಲಿ, ಒಂದು ಬಳ್ಳಾರಿ ಮನೆಯ ಪೋರ್ಟಬಲ್ ಹಾರ್ಡ್ ಡಿಸ್ಕಿನಲ್ಲಿ, ಒಂದು ಕೊಪ್ಪಳದಲ್ಲಿ ಅಕ್ಕನ ಮನೆಯಲ್ಲಿ. ಹಬ್ಬಕ್ಕೆ ಹೋದಾಗ ಡಿಸ್ಕ್ ಹಚ್ಚಿ ನೋಡಿ ಬರುತ್ತೇನೆ.

ನಮ್ಮ ಕಡೆಯವರು ಎರಡು ವಿಷಯ ತಿಳಿದಿರಬೇಕು. ಎಸ್‌ಎಸ್‌ಡಿ ಮತ್ತು ಪೆನ್ ಡ್ರೈವ್‌ಗಳನ್ನು ಕರೆಂಟಿಲ್ಲದೆ ವರ್ಷಗಟ್ಟಲೆ ಬೀರುವಿನಲ್ಲಿ ಇಟ್ಟರೆ ಒಳಗಿನ ಮಾಹಿತಿ ನಿಧಾನಕ್ಕೆ ಸೋರಿಹೋಗಬಹುದು, ಬಿಸಿ ಜಾಸ್ತಿಯಾದಷ್ಟೂ ಬೇಗ. ಎತ್ತಿಡುವುದಕ್ಕೆ ಹಳೆ ಥರದ ಹಾರ್ಡ್ ಡಿಸ್ಕೇ ಮೇಲು. ಎರಡನೆಯದು ಕೂಲರ್. ಅದು ಕೋಣೆಯನ್ನು ತಂಪು ಮಾಡುವುದು ನೀರಿನ ತೇವದಿಂದ. ಸಿಡಿ, ಡಿಸ್ಕ್, ಆಟದ ಪುಸ್ತಕಗಳನ್ನು ಕೂಲರ್ ಗಾಳಿ ಬಡಿಯುವ ಕಡೆ ಇಡಬೇಡಿ. ನೆಲ ಅಂತಸ್ತಿನ ಒಳಕೋಣೆ, ಗೋಡೆಯ ಗೂಡಿನ ಕೆಳಗಿನ ಸಾಲು, ಮುಚ್ಚಳ ಬಿಗಿಯಾಗಿರುವ ಡಬ್ಬಿ ಸಾಕು. ಸಿಡಿಗಳು ಮಲಗಿರುವುದು ಬೇಡ, ನಿಂತಿರಲಿ.

ಹೆಜ್ಜೆ 6: ಮತ್ತೆ ಓಡಿಸುವುದು

ಈಗ ಆಡಬಹುದು. ಆಟ ಯಾವ ಕಾಲದ್ದು ಎಂಬುದರ ಮೇಲೆ ದಾರಿ ಬೇರೆ.

ವಿಂಡೋಸ್ 95ಕ್ಕೂ ಮುಂಚಿನ ಡಾಸ್ ಕಾಲದ್ದಾದರೆ ಸುಲಭ. ಇಂಡಿಯಾನಾಪೊಲಿಸ್ 500, ಗ್ರಾಂ ಪ್ರಿ 2 ಇವೆಲ್ಲ ಹಳೆ ಡಾಸ್ ಕಂಪ್ಯೂಟರನ್ನು ಅನುಕರಿಸುವ ಡಾಸ್‌ಬಾಕ್ಸ್ ಎಂಬ ಸಾಫ್ಟ್‌ವೇರಿನಲ್ಲಿ ಓಡುತ್ತವೆ. ಆದರೆ ರೇಸಿಂಗ್ ಆಟಕ್ಕೆ ವೇಗ ಸರಿಯಾಗಿ ಕೂರಬೇಕು, ಬರೀ ಓಡಿದರೆ ಆಗಲ್ಲ. ಕಂಟ್ರೋಲ್ ಕೀ ಹಿಡಿದು ಎಫ್11 ಒತ್ತಿದರೆ ಡಾಸ್‌ಬಾಕ್ಸ್ ನಿಧಾನ, ಎಫ್12 ಒತ್ತಿದರೆ ಜೋರು. ಗ್ರಾಂ ಪ್ರಿ 2ರಲ್ಲಿ ಓಡಿಸುತ್ತಲೇ ‘ಓ’ ಕೀ ಒತ್ತಿ. ಪ್ರೊಸೆಸರ್ ಎಷ್ಟು ಶೇಕಡಾ ದುಡಿಯುತ್ತಿದೆ ಅಂತ ತೋರಿಸುತ್ತದೆ. ಅದು 100 ದಾಟಿದರೆ ಚಿತ್ರ ಕುಣಿಯುವುದಿಲ್ಲ, ಆಟದ ಕಾಲವೇ ನಿಧಾನ ಆಗುತ್ತದೆ. ಕೈಗೆ ಜಾಸ್ತಿ ಸಮಯ ಸಿಗುತ್ತದೆ, ಲ್ಯಾಪ್ ಟೈಮ್ ಚೆನ್ನಾಗಿ ಬರುತ್ತದೆ, ಅದು ಸುಳ್ಳು ಟೈಮ್. ಚಿತ್ರದ ವಿವರ ಕಡಿಮೆ ಮಾಡಿ 100ರ ಒಳಗೆ ತನ್ನಿ.

ವಿಂಡೋಸ್ 95, 98 ಕಾಲದವು ಸ್ವಲ್ಪ ಹಟಮಾರಿ. ಎಷ್ಟೋ ಸಲ ಆಟಕ್ಕೆ ತೊಂದರೆ ಇರುವುದಿಲ್ಲ, ಅದರ ಇನ್‌ಸ್ಟಾಲರ್ 16 ಬಿಟ್ಟಿನದು, ಇವತ್ತಿನ 64 ಬಿಟ್ ವಿಂಡೋಸ್‌ನಲ್ಲಿ ಅದು ಏಳುವುದೇ ಇಲ್ಲ. ಗ್ರಾಫಿಕ್ಸ್ ಇನ್ನೊಂದು ತೊಡಕು. ಆಗ ತ್ರೀಡಿಎಫ್‌ಎಕ್ಸ್ ಕಂಪನಿಯ ವೂಡೂ ಕಾರ್ಡೇ ರಾಜ. ಗ್ರಾಂ ಪ್ರಿ ಲೆಜೆಂಡ್ಸ್ ಮೊದಲು ಬಂದಾಗ ವೂಡೂ ಅಥವಾ ರೆಂಡಿಷನ್ ಕಾರ್ಡ್ ಇದ್ದವರಿಗೆ ಮಾತ್ರ ಚೆಂದ ಕಾಣುತ್ತಿತ್ತು. ತ್ರೀಡಿಎಫ್‌ಎಕ್ಸ್ ಈಗಿಲ್ಲ. ಅದರ ಕಾರ್ಡಿನ ಭಾಷೆಯನ್ನು ಇವತ್ತಿನ ಕಾರ್ಡಿಗೆ ತಿಳಿಯುವ ಹಾಗೆ ಮಾಡುವ ಎನ್‌ಗ್ಲೈಡ್, ಡಿಜಿವೂಡೂ 2 ಎಂಬ ಉಚಿತ ಸಾಫ್ಟ್‌ವೇರ್‌ಗಳಿವೆ. ಅದರಲ್ಲೂ ಆಗದಿದ್ದರೆ 86ಬಾಕ್ಸ್ ಇದೆ. ಅದು ಹಳೆ ಕಂಪ್ಯೂಟರನ್ನೇ ಮದರ್‌ಬೋರ್ಡ್ ಸಮೇತ ಅನುಕರಿಸುತ್ತದೆ. ಅದಕ್ಕೆ ಗಟ್ಟಿ ಪ್ರೊಸೆಸರ್ ಬೇಕು, ತಾಳ್ಮೆಯೂ ಬೇಕು.

ವಿಂಡೋಸ್ ಎಕ್ಸ್‌ಪಿ ಕಾಲದ ಆಟಗಳಿಗೆ ಸೇಫ್‌ಡಿಸ್ಕ್ ಅಡ್ಡ ಬರುತ್ತದೆ. ವಿಂಡೋಸ್ ಒಳಗೆ ಅದನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರಿನಲ್ಲಿ ಭದ್ರತೆಯ ಲೋಪ ಇದೆ ಅಂತ ಮೈಕ್ರೋಸಾಫ್ಟ್ 2015ರಲ್ಲಿ ಅದನ್ನು ನಿಲ್ಲಿಸಿತು. ವಿಂಡೋಸ್ 10ರಲ್ಲಿ ಅದು ಇಲ್ಲವೇ ಇಲ್ಲ. ಹೀಗಾಗಿ ಅಸಲಿ ಸಿಡಿ ಕೈಯಲ್ಲಿದ್ದರೂ ಆಟ ಏಳುವುದಿಲ್ಲ. ಇದಕ್ಕೆ ನನಗೆ ತುಂಬಾ ಇಷ್ಟವಾದ ದಾರಿ ಒಂದು ಹಳೆ ಎಕ್ಸ್‌ಪಿ ಕಂಪ್ಯೂಟರನ್ನೇ ಉಳಿಸಿಕೊಳ್ಳುವುದು. ಇಂಟರ್‌ನೆಟ್ಟಿಗೆ ಮಾತ್ರ ಜೋಡಿಸಬೇಡಿ.

ನಮ್ಮ ಕಡೆ ಅಂಥ ಕಂಪ್ಯೂಟರ್ ಬಿಚ್ಚಿದರೆ ಒಳಗೆ ಕೆಂಪು ದೂಳು. ಅದಿರಿನ ಲಾರಿಗಳು ಹಗಲೂ ರಾತ್ರಿ ಓಡಿದ ವರ್ಷಗಳ ದೂಳು ಅದು, ನೋಡಿದರೆ ಗುರುತು ಸಿಗುತ್ತದೆ. ಪ್ಲಗ್ ತೆಗೆದು, ಅಂಗಳಕ್ಕೆ ತಂದು, ಬ್ಲೋವರ್ ಹೊಡೆಯಿರಿ. ಫ್ಯಾನನ್ನು ಬೆರಳಲ್ಲಿ ಹಿಡಿದಿರಿ, ಗಾಳಿಗೆ ಜೋರಾಗಿ ತಿರುಗಬಾರದು. ಮದರ್‌ಬೋರ್ಡ್ ಮೇಲಿನ ಗುಂಡು ಸೆಲ್ ಬದಲಿಸಿ, ಅದರ ಮೇಲೆ ಸಿಆರ್2032 ಅಂತ ಇರುತ್ತದೆ. ಅದೇ ಬೋರ್ಡಿನ ಮೇಲೆ ಸಣ್ಣ ಡಬ್ಬಿಗಳ ಹಾಗೆ ನಿಂತಿರುವ ಕೆಪ್ಯಾಸಿಟರ್‌ಗಳ ತಲೆ ಉಬ್ಬಿದ್ದರೆ ಸ್ವಿಚ್ ಹಾಕಬೇಡಿ, ರಿಪೇರಿಯವರಿಗೆ ತೋರಿಸಿ.

ಹೆಜ್ಜೆ 7: ಸ್ಟೀರಿಂಗ್

ಈ ಆಟಗಳನ್ನು ಕೀಬೋರ್ಡಿನಲ್ಲಿ ಆಡಿದರೆ ಅರ್ಧ ಆಟವೇ ಕೈಗೆ ಬರುವುದಿಲ್ಲ. ಟೈರು ಹಿಡಿತ ಬಿಡುವ ಕ್ಷಣ ತಿಳಿಯುವುದು ಸ್ಟೀರಿಂಗಿನಲ್ಲಿ. ಹಾಗಾಗಿ ಹಳೆ ಸ್ಟೀರಿಂಗ್ ಇದ್ದರೆ ಅದನ್ನೂ ಸಿಡಿಯಷ್ಟೇ ಜೋಪಾನ ಮಾಡಿ.

ತುಂಬಾ ಹಳೆಯದಾದರೆ ಅದರ ತುದಿಯಲ್ಲಿ 15 ಪಿನ್ನಿನ ಗೇಮ್‌ಪೋರ್ಟ್ ಇರುತ್ತದೆ. ವಿಂಡೋಸ್ ವಿಸ್ಟಾದಿಂದಲೇ ಅದಕ್ಕೆ ಬೆಂಬಲ ನಿಂತಿತು. ಎಕ್ಸ್‌ಪಿ ಕಂಪ್ಯೂಟರ್ ಉಳಿಸಿಕೊಳ್ಳಲು ಇದೂ ಒಂದು ಕಾರಣ. ಯುಎಸ್‌ಬಿ ಇದ್ದರೆ ಚಿಂತೆ ಇಲ್ಲ.

ಪೆಡಲ್ ಒತ್ತದಿದ್ದರೂ ಕಾರು ತಾನೇ ಬ್ರೇಕ್ ಹಾಕುತ್ತದಾ? ಎಕ್ಸಲೇಟರ್ ನಡುಗುತ್ತದಾ? ಪೆಡಲ್ ಕೆಟ್ಟಿಲ್ಲ, ಒಳಗೆ ದೂಳು ಸೇರಿದೆ. ಹಳೆ ರೇಡಿಯೋದ ವಾಲ್ಯೂಮ್ ತಿರುಗಿಸಿದಾಗ ಕರಕರ ಅನ್ನುತ್ತದಲ್ಲ, ಅದೇ ಭಾಗ ಇಲ್ಲೂ ಇದೆ. ಲಾಜಿಟೆಕ್ ಜಿ27ರ ಪೆಡಲಿನಲ್ಲೂ ಅದೇ. ಟಿವಿ ರಿಪೇರಿಯವರ ಹತ್ತಿರ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಿಗುತ್ತದೆ. ಪೆಡಲಿನ ತಳ ಬಿಚ್ಚಿ, ಒಂದೆರಡು ಸಲ ಹೊಡೆದು, ಇಪ್ಪತ್ತು ಮೂವತ್ತು ಸಲ ಒತ್ತಿ ಬಿಡಿ. ಒಣಗಿದ ಮೇಲೆ ಜೋಡಿಸಿ. ಆಮೇಲೆ ವಿಂಡೋಸಿನ ಗೇಮ್ ಕಂಟ್ರೋಲರ್ ಸೆಟ್ಟಿಂಗಿಗೆ ಹೋಗಿ ಕ್ಯಾಲಿಬ್ರೇಟ್ ಮಾಡಿ. ಎಷ್ಟೋ ಸ್ಟೀರಿಂಗ್ ಇಷ್ಟರಲ್ಲೇ ಸರಿಹೋಗುತ್ತವೆ.

ಹೆಜ್ಜೆ 8: ಕಾಗದ ಮತ್ತು ಜನ

ಆಟದ ಜೊತೆ ಬಂದ ಪುಸ್ತಕವನ್ನು 300 ಡಿಪಿಐಗಿಂತ ಕಡಿಮೆ ಇಲ್ಲದ ಹಾಗೆ ಸ್ಕ್ಯಾನ್ ಮಾಡಿ. ಆಗಿನ ಸಿಮ್ಯುಲೇಷನ್ ಪುಸ್ತಕಗಳು ಬರೀ ಕೀಲಿಗಳ ಪಟ್ಟಿ ಆಗಿರಲಿಲ್ಲ, ಕಾರಿನ ಸಸ್ಪೆನ್ಷನ್ ಹೇಗೆ ಕೆಲಸ ಮಾಡುತ್ತದೆ ಅಂತ ಹೇಳಿಕೊಡುತ್ತಿದ್ದವು. ಸ್ಟೀರಿಂಗ್ ತಿರುಗಿಸಿದಷ್ಟು ಕಾರು ತಿರುಗದಿದ್ದರೆ ಅದಕ್ಕೆ ‘ಅಂಡರ್‌ಸ್ಟಿಯರ್’ ಅನ್ನುತ್ತಾರೆ, ನಾನು ಆ ಮಾತು ಕಲಿತದ್ದು ಅಲ್ಲಿಂದ. ಡಬ್ಬಿಯ ಹಿಂಬದಿ, ಸಿಡಿ ಕೀ ಇರುವ ಚೀಟಿ, ನಿಮ್ಮ ಲ್ಯಾಪ್ ಟೈಮ್ ಬರೆದ ನೋಟ್‌ಬುಕ್ಕಿನ ಹಾಳೆ, ಎಲ್ಲದರ ಫೋಟೋ ಇರಲಿ.

ಕೊನೆಗೆ, ಆಗ ನಿಮ್ಮ ಜೊತೆ ಆಡುತ್ತಿದ್ದವರಿಗೆಲ್ಲ ಫೋನ್ ಮಾಡಿ. ಈ ಹೆಜ್ಜೆಯನ್ನು ನಾನು ತಡವಾಗಿ ಮಾಡಿದೆ. ರಾಯಚೂರಿನ ಶಕ್ತಿನಗರದಲ್ಲಿ ಕಾಕಾನ ಮಗ ಇದ್ದಾನೆ. ಬೇಸಿಗೆ ರಜೆಗೆ ಬಳ್ಳಾರಿಗೆ ಬಂದರೆ ನನ್ನ ಪಕ್ಕ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದ. ಸಿಡಿ ಹೋದ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಣ್ಣಾ, ನಿಂದೊಂದು ಫ್ಲಾಪಿ ನನ್ನ ಹತ್ರ ಐತಿ ನೋಡು. ಊರಿಗೆ ಹೊಂಟಾಗ ನೀನೇ ಕೊಟ್ಟಿದ್ದಿ” ಅಂದ. ಯುಎಸ್‌ಬಿ ಫ್ಲಾಪಿ ಡ್ರೈವ್ ತರಿಸಿಕೊಂಡು ಮರುವಾರವೇ ಹೋದೆ. ಮೊದಲ ಸಲ ಓದಲಿಲ್ಲ. ಫ್ಲಾಪಿ ತೆಗೆದು ಮತ್ತೆ ಹಾಕಿದೆ, ಮೂರನೇ ಸಲಕ್ಕೆ ಫೈಲ್‌ಗಳು ಕಂಡವು. ಎಲ್ಲವೂ ಇರಲಿಲ್ಲ. ಮೊಂಜಾ, ಸ್ಪಾ, ರೂಆಂ ಮೂರು ಟ್ರ್ಯಾಕಿನ ಸೆಟಪ್ ಇದ್ದವು. ಅಲ್ಲೇ ಕೂತು ಮೂರು ಕಡೆ ಕಾಪಿ ಮಾಡಿದೆ, ಆಮೇಲೆ ಅವನ ಲ್ಯಾಪ್‌ಟಾಪಿನಲ್ಲೇ ರೂಆಂ ಹಾಕಿ ಸ್ಟೀರಿಂಗನ್ನು ಅವನ ಕೈಗೆ ಕೊಟ್ಟೆ.